ಎವರೇಜು ಡ್ರೈವರನ ಕಾಲಲ್ಲಿಲ್ಲ

ಭಟ್ಕಳದ ಮಾವಿನಕುರ್ವೆ ಬಂದರು, ಹೊನ್ನಾವರದ ಕಾಸರಕೋಡು, ಕುಮಟಾ ತಾಲೂಕಿನ ತದಡಿ. ಈ ಮೂರು ಕಡೆ ಪಿಕಪ್ ಇಟ್ಟು ಬಾಡಿಗೆ ಮಾಡಿಸುವ ಯಾರನ್ನೇ ಕೇಳಿ, ಗಾಡಿಯ ಎವರೇಜ್ ಯಾಕೆ ಇಳಿಯಿತು ಎಂಬ ಪ್ರಶ್ನೆಗೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: ಡ್ರೈವರ್ ಸರಿಯಿಲ್ಲ. ಎಕ್ಸಿಲೇಟರ್ ತುಳಿಯುತ್ತಾನೆ, ಗೇರ್ ಎಳೆಯುತ್ತಾನೆ, ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡುವುದಿಲ್ಲ, ಇಲ್ಲವೇ ಡೀಸೆಲ್ ಹೊಡೆಯುತ್ತಾನೆ. ಧಣಿಗಳು ಹೀಗೆನ್ನುತ್ತಾರೆ, ಗ್ಯಾರೇಜಿನವರು ಹೌದೆನ್ನುತ್ತಾರೆ, ಡ್ರೈವರುಗಳೂ ತಮ್ಮ ಜೊತೆಯವರ ಬಗ್ಗೆ ಇದನ್ನೇ ಆಡಿಕೊಳ್ಳುತ್ತಾರೆ. ತಿಂಗಳ ಕೊನೆಯಲ್ಲಿ ಲೆಕ್ಕಕ್ಕೆ ಕೂತಾಗ ಲೀಟರಿಗೆ ಒಂದು ಕಿಲೋಮೀಟರ್ ಕಡಿಮೆ ಬಂದರೆ ಅದು ಅವನ ಬಾಟಾದಲ್ಲಿ, ಅಂದರೆ ಭತ್ಯೆಯಲ್ಲಿ, ಮುರಿದುಹೋಗುತ್ತದೆ.

ಈ ಮಾತಿನಲ್ಲಿ ಇರುವ ನಿಜ ಹಿಡಿಯಷ್ಟು, ಅದು ಮುಚ್ಚಿಡುವ ನಿಜ ಬೆಟ್ಟದಷ್ಟು. ಕಾಲಿನ ಪಾಲು ಇಲ್ಲವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಒಂದೇ ಗಾಡಿ, ಒಂದೇ ಲೋಡು, ಒಂದೇ ರಸ್ತೆ, ಒಂದೇ ಹೊತ್ತು ಕೊಟ್ಟು ನೋಡಿದರೆ ನಯವಾಗಿ ಓಡಿಸುವವನಿಗೂ ಒರಟಾಗಿ ಓಡಿಸುವವನಿಗೂ ನೂರಕ್ಕೆ ಹತ್ತರಷ್ಟೋ ಅದಕ್ಕಿಂತ ಹೆಚ್ಚೋ ಅಂತರ ಬಂದೀತು. ಆದರೆ ಲೋಡು ಎಷ್ಟು, ಮುಟ್ಟಬೇಕಾದ ಹೊತ್ತು ಯಾವುದು, ಟೈರು ಎಂಥದ್ದು, ಬ್ರೇಕ್ ಡ್ರಮ್ ಬಿಚ್ಚಿ ಎಷ್ಟು ತಿಂಗಳಾಯಿತು, ಬರುವಾಗ ಖಾಲಿ ಬರಬೇಕೋ ಬೇಡವೋ ಎಂಬ ಒಂದು ತೀರ್ಮಾನವೂ ಡ್ರೈವರನದ್ದಲ್ಲ. ಅವನು ಕೀಲಿ ತಿರುಗಿಸುವ ಮೊದಲೇ ಆ ಟ್ರಿಪ್ಪಿನ ಡೀಸೆಲ್ಲಿನ ದೊಡ್ಡ ಪಾಲು ಖರ್ಚು ಬರೆದಾಗಿರುತ್ತದೆ. ಬರೆದವರು ದಡದ ಮೇಲೆ ನಿಂತು ಫೋನಿನಲ್ಲಿ ಮಾತಾಡುತ್ತಿರುತ್ತಾರೆ.

ತೂಕದಿಂದಲೇ ಶುರುಮಾಡೋಣ. ಮೀನಿನ ಪಿಕಪ್ ತುಂಬುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅಲ್ಲಿ ತೂಕದ ಮಾತೇ ಬರುವುದಿಲ್ಲ. ಕ್ರೇಟ್ ಲೆಕ್ಕ. ಕೆಳಗೆ ಒಂದು ಸಾಲು, ಅದರ ಮೇಲೆ ಇನ್ನೊಂದು, ಪ್ರತಿ ಸಾಲಿಗೆ ಸಲಿಕೆಯಲ್ಲಿ ಪುಡಿಮಾಡಿದ ಐಸು. ಬಾಡಿಯ ಅಂಚು ಮುಟ್ಟಿದ ಮೇಲೂ ಎರಡು ಸಾಲು ಏರುತ್ತದೆ, ಅದಕ್ಕೆ ಹಗ್ಗ, ಹಗ್ಗದ ಮೇಲೆ ತಾಡಪಾಲು. ಹಿಂದಿನ ಲೀಫ್ ಪ್ಲೇಟುಗಳು ಬಾಗುವ ಬದಲು ನೆಟ್ಟಗಾಗಿ, ಮಡ್‌ಫ್ಲಾಪ್ ನೆಲ ಸವರುತ್ತಿರುತ್ತದೆ. ಹಿಂದಿನ ಬಾಗಿಲ ಸಂದಿಯಿಂದ ಐಸು ಕರಗಿದ ನೀರು ಸುರಿಯುತ್ತಲೇ ಇರುತ್ತದೆ, ಆ ನೀರು ಬಿದ್ದ ತಿರುವಿನಲ್ಲಿ ಬೈಕಿನವರು ಜಾರಿ ಬೀಳುವುದು ನಮ್ಮ ಕರಾವಳಿಯ ನಿತ್ಯದ ಸುದ್ದಿ. ಗಾಡಿಯ ಆರ್‌ಸಿಯಲ್ಲಿ ಬರೆದ ತೂಕವನ್ನು ಆ ಹೊತ್ತಿಗೆ ಯಾರೂ ನೆನೆಸುವುದಿಲ್ಲ. ಚಿರೆಕಲ್ಲಿನ ಬಾಡಿಗೆಯಲ್ಲೂ ಇದೇ ಪಾಡು. ಕಲ್ಲಿನ ಎಣಿಕೆ ಇದೆ, ತೂಕದ ಎಣಿಕೆ ಇಲ್ಲ. ಚಿರೆಕಲ್ಲೆಂದರೆ ತೂತು ತೂತಾದ ಜಂಬಿಟ್ಟಿಗೆ, ನೀರು ಕುಡಿಯುವ ಕಲ್ಲು. ಮಳೆಗಾಲದಲ್ಲಿ ಅದೇ ಎಣಿಕೆಯ ಕಲ್ಲು ಹೆಚ್ಚು ತೂಗುತ್ತದೆ. ಡೀಸೆಲ್ ಹೆಚ್ಚು ಸುಡುತ್ತದೆ. ಪುಸ್ತಕದಲ್ಲಿ ಮಾತ್ರ ಕಲ್ಲು ಅಷ್ಟೇ, ಕಿಲೋಮೀಟರ್ ಅಷ್ಟೇ.

ಹೆಚ್ಚಿನ ತೂಕಕ್ಕೆ ಡೀಸೆಲ್ ಎಷ್ಟು ಬೇಕು ಎಂಬುದನ್ನು ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಲೆಕ್ಕ ಹಾಕಬಹುದು. ಕುಮಟಾ ಸಮುದ್ರದ ಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಮೇಲೆ. ನಡುವೆ ದೇವಿಮನೆ ಘಟ್ಟ. ಗಾಡಿ, ಲೋಡು ಎಲ್ಲ ಸೇರಿ 3 ಟನ್ ಇದ್ದರೆ, ಬರೀ ಅಷ್ಟು ಎತ್ತರಕ್ಕೆ ಎತ್ತುವುದಕ್ಕೆ ಒಂದೂವರೆ ಲೀಟರಿನಷ್ಟು ಡೀಸೆಲ್ ಬೇಕು. ಒಂದು ಲೀಟರ್ ಡೀಸೆಲ್ಲಿನಲ್ಲಿರುವ ಶಕ್ತಿಯ ಮೂರನೇ ಒಂದು ಭಾಗ ಮಾತ್ರ ಚಕ್ರಕ್ಕೆ ಮುಟ್ಟುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ ಎಂಬುದನ್ನು ಹಿಡಿದು ಹೇಳಿದ ಲೆಕ್ಕ ಇದು. ಅದರ ಮೇಲೆ ಒಂದು ಟನ್ ಹೆಚ್ಚಿಗೆ ಹೇರಿದರೆ, ಏರಿಗೂ ಟೈರಿನ ಎಳೆತಕ್ಕೂ ಸೇರಿ ಶಿರಸಿ ಮುಟ್ಟುವುದರೊಳಗೆ ಹತ್ತಿರ ಹತ್ತಿರ ಒಂದು ಲೀಟರ್ ಹೆಚ್ಚಾಗುತ್ತದೆ. ಅರವತ್ತು ಕಿಲೋಮೀಟರ್ ದಾರಿಗೆ ಆರು ಲೀಟರ್ ಕುಡಿಯಬೇಕಾದ ಗಾಡಿ ಏಳು ಕುಡಿಯಿತು. ಹತ್ತಿದ್ದ ಎವರೇಜ್ ಎಂಟೂವರೆಗೆ ಬಂತು. ಡ್ರೈವರ್ ದೇವರಂತೆ ಓಡಿಸಿದರೂ ಅದು ಎಂಟೂವರೆಯೇ.

ನನಗೆ ಸಿಟ್ಟು ಬರುವುದು ಇದರ ಮುಂದಿನ ಲೆಕ್ಕಕ್ಕೆ. ಒಂದು ಟನ್ ಹೆಚ್ಚಿಗೆ ಹೇರಿದ್ದರಿಂದ ಲೀಟರಿಗೆ ಸಿಗುವ ಕಿಲೋಮೀಟರ್ ಇಳಿಯುತ್ತದೆ, ಆದರೆ ಟನ್ನಿಗೆ ಬೀಳುವ ಡೀಸೆಲ್ ಖರ್ಚೂ ಇಳಿಯುತ್ತದೆ. ಒಂದು ಲೀಟರ್ ಹೆಚ್ಚು ಸುಟ್ಟು ಒಂದು ಟನ್ ಮಾಲು ಹೆಚ್ಚು ಸಾಗಿತಲ್ಲ, ಆ ಲಾಭ ಧಣಿಗೆ ಹೋಯಿತು, ವ್ಯಾಪಾರಿಗೆ ಹೋಯಿತು. ಅದೇ ಕಾರಣಕ್ಕೆ ಕಡಿಮೆಯಾದ ಎವರೇಜು ಡ್ರೈವರನ ತಲೆಗೆ ಬಂತು. ಒಂದೇ ಕೆಲಸದಿಂದ ಒಬ್ಬರಿಗೆ ದುಡ್ಡು, ಇನ್ನೊಬ್ಬನಿಗೆ ದಂಡ. ಸಂಖ್ಯೆ ತೋರಿಸಿ ಬೈಯುವವರಿಗೆ ಈ ಲೆಕ್ಕ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಹೆಚ್ಚಿಗೆ ಹೇರಿದರೆ ಲಾಭ ಎಂಬುದು ಗೊತ್ತಿರುವುದಕ್ಕೇ ಅವರು ಹೇರಿಸುವುದು.

ಕಾನೂನು ಈ ವಿಷಯದಲ್ಲಿ ನಮ್ಮ ಪೇಟೆಗಿಂತ ನ್ಯಾಯವಾಗಿದೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಮು 2019ರ ತಿದ್ದುಪಡಿಯ ನಂತರ ಹೆಚ್ಚಿನ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಹೇಳುತ್ತದೆ. ಆ ಕಲಮು ಓಡಿಸಿದವನನ್ನು ಮಾತ್ರ ಹಿಡಿಯುವುದಿಲ್ಲ. ಓಡಿಸಲು ಕಾರಣನಾದವನನ್ನೂ ಓಡಿಸಲು ಬಿಟ್ಟವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಕಾಯ್ದೆ ಬರೆದವರಿಗೆ ಹೊಳೆದ ಈ ಮಾತು ನಮ್ಮ ಬಂದರುಗಳಲ್ಲಿ ಇನ್ನೂ ಹೊಳೆದಿಲ್ಲ. ಚೆಕ್‌ಪೋಸ್ಟಿನಲ್ಲಿ ಇಳಿದು ಕೈಮುಗಿಯುವವನು ಡ್ರೈವರ್ ಒಬ್ಬನೇ.

ಇನ್ನು ಎವರೇಜ್ ಅಳೆಯುವ ರೀತಿ. ಪಂಪಿಗೆ ಹೋಗಿ ನಿಂತು ನೋಡಿ. ಯಾವ ಪಿಕಪ್ಪಿನವನೂ ‘ಇಷ್ಟು ಲೀಟರ್’ ಎನ್ನುವುದಿಲ್ಲ. ‘ಸಾವಿರದ್ದು ಹಾಕಿ’, ‘ಐನೂರರದ್ದು ಹಾಕಿ’. ಧಣಿ ಕೊಟ್ಟದ್ದು ಅಷ್ಟೇ. ಟ್ಯಾಂಕಿನ ತಳದಲ್ಲಿ ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು ಎಂಬುದು ಮುಳ್ಳು ತೋರಿಸಿದ ಅಂದಾಜು. ಉಪ್ಪುನೀರು ಕುಡಿದು ಮೀಟರ್ ನಿಂತುಹೋದ ಗಾಡಿಗಳು ಬೇಕಾದಷ್ಟಿವೆ. ಅಲ್ಲಿ ಕಿಲೋಮೀಟರೂ ಅಂದಾಜೇ. ದರವೂ ಒಂದೇ ಕಡೆ ನಿಂತಿಲ್ಲ. ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಏರಿಸಿತು, 2025ರ ಏಪ್ರಿಲ್ 1ರಿಂದ ಮತ್ತೆ ಏರಿಸಿ ನೂರಕ್ಕೆ 21.17 ಮಾಡಿತು, ಡೀಸೆಲ್ 91 ರೂಪಾಯಿಯ ಆಸುಪಾಸಿಗೆ ಬಂತು. ಸಾವಿರ ರೂಪಾಯಿಗೆ ಬೀಳುವ ಎಣ್ಣೆ ಕಡಿಮೆಯಾಯಿತು, ‘ಸಾವಿರದ್ದು ಹಾಕಿದರೆ ಮೊದಲೆಲ್ಲ ಎಲ್ಲಿವರೆಗೆ ಹೋಗುತ್ತಿತ್ತು’ ಎಂಬ ದೂರು ಶುರುವಾಯಿತು. ದೂರು ಬಿದ್ದದ್ದು ಮತ್ತೆ ಡ್ರೈವರನ ಮೇಲೆಯೇ.

ಡೀಸೆಲ್ ಕದಿಯುವವರು ಇಲ್ಲವೇ ಎಂದು ಕೇಳುತ್ತಾರೆ. ಎಲ್ಲೋ ಇರಬಹುದು. ಕದ್ದರೆ ಹಿಡಿಯುವ ದಾರಿ ಕಷ್ಟದ್ದೇನಲ್ಲ: ಟ್ಯಾಂಕ್ ಬಾಯಿತನಕ ತುಂಬಿಸಿ, ಮೀಟರ್ ಬರೆದಿಟ್ಟು, ಓಡಿಸಿ, ಮತ್ತೆ ಅದೇ ಪಂಪಿನಲ್ಲಿ ಬಾಯಿತನಕ ತುಂಬಿಸಿ. ಎರಡನೇ ಸಲ ಹಿಡಿದಷ್ಟೇ ಸುಟ್ಟದ್ದು. ನಾಲ್ಕೈದು ಸಲ ಹೀಗೆ ಮಾಡಿದರೆ ಆ ಗಾಡಿಯ ನಿಜವಾದ ಎವರೇಜ್ ಸಿಗುತ್ತದೆ. ಜೊತೆಗೆ ಲೋಡಿನ ತೂಕವನ್ನೂ ಬರೆದರೆ ಯಾರನ್ನೂ ಅನುಮಾನಿಸುವ ಅಗತ್ಯವೇ ಬೀಳುವುದಿಲ್ಲ. ಇಷ್ಟು ಸುಲಭದ ಪರೀಕ್ಷೆಯನ್ನು ಮಾಡದೆ ಮನುಷ್ಯನಿಗೆ ಕಳ್ಳನ ಹೆಸರು ಹಚ್ಚುವುದು ಅನ್ಯಾಯ. ಅನುಮಾನ ಇಟ್ಟುಕೊಂಡಿರುವುದು ಅಳೆಯುವುದಕ್ಕಿಂತ ಅಗ್ಗ. ಬಾಟಾ ಮುರಿಯಲು ಅದು ಯಾವಾಗಲೂ ಕೈಗೆ ಸಿಗುತ್ತದೆ.

ಅವಸರದ ಕಥೆಗೆ ಬರುತ್ತೇನೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರವತ್ತರ ವೇಗದಿಂದ ಎಂಬತ್ತಕ್ಕೆ ಹೋದರೆ ಗಾಳಿಯನ್ನು ತಳ್ಳುವ ಬಲ ಹೆಚ್ಚು ಕಡಿಮೆ ಮುಕ್ಕಾಲು ಪಾಲು ಹೆಚ್ಚಾಗುತ್ತದೆ. ಪಿಕಪ್ ಗಾಳಿ ಸೀಳುವ ಆಕಾರದ ಗಾಡಿಯೇ ಅಲ್ಲ, ಮೇಲೆ ಎರಡು ಸಾಲು ಕ್ರೇಟು, ಪಟಪಟ ಬಡಿಯುವ ತಾಡಪಾಲು. ಭಟ್ಕಳದಿಂದ ಕುಮಟಾಕ್ಕೆ ಸುಮಾರು ಅರವತ್ತು ಕಿಲೋಮೀಟರ್. ಅರವತ್ತರಲ್ಲಿ ಹೋದರೆ ಒಂದು ಗಂಟೆ, ಎಂಬತ್ತರಲ್ಲಿ ಹೋದರೆ ಮುಕ್ಕಾಲು ಗಂಟೆ. ಉಳಿದ ಹದಿನೈದು ನಿಮಿಷಕ್ಕೆ ಹೋಗುವ ಡೀಸೆಲ್ ಒಂದು ಲೀಟರಿಗೂ ಮೇಲೆ. ಅಂದರೆ ನೂರು ರೂಪಾಯಿಯ ಆಸುಪಾಸು. ಆ ಹದಿನೈದು ನಿಮಿಷ ಬೇಕಾಗಿದ್ದು ಯಾರಿಗೆ? ಡ್ರೈವರನಿಗೆ ಬೇಕಾಗಿರಲಿಲ್ಲ. ದೋಣಿ ತಡವಾಗಿ ಬಂತು, ಹರಾಜು ತಡವಾಯಿತು, ಐಸು ಪ್ಲಾಂಟಿನಲ್ಲಿ ಸಾಲು ಇತ್ತು, ಲೋಡಿಂಗಿನವರು ಚಾ ಕುಡಿಯಲು ಹೋದರು. ಅಷ್ಟು ಹೊತ್ತು ಕಳೆದದ್ದು ಎಲ್ಲರೂ. ಅದನ್ನು ರಸ್ತೆಯಲ್ಲಿ ಗಳಿಸಿಕೊಡಬೇಕಾದವನು ಒಬ್ಬ. ಅವನು ಗಳಿಸಿಕೊಟ್ಟರೆ ಡೀಸೆಲ್ ಹೋಯಿತೆಂದು ಬೈಗುಳ. ಗಳಿಸಿಕೊಡದಿದ್ದರೆ ಹುಬ್ಬಳ್ಳಿ ಮಾರುಕಟ್ಟೆ ತಪ್ಪಿತೆಂದು ಬೈಗುಳ. ಕಾಯುತ್ತಿದ್ದಾಗ ಇಂಜಿನ್ ಚಾಲೂ ಇಟ್ಟಿದ್ದರೆ ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಷ್ಟು ಸುಟ್ಟಿರುತ್ತದೆ, ಅದು ಬೇರೆ.

ಮೀನು ಕೆಡುವ ಮಾಲು, ಅವಸರ ಮಾಡದೆ ಆಗುತ್ತದೆಯೇ ಎನ್ನುವವರಿಗೆ ಉತ್ತರ ಹೇಳಬೇಕು, ಯಾಕೆಂದರೆ ಆ ಪ್ರಶ್ನೆ ಸರಿಯಾದದ್ದು. ಮೀನು ಸೊನ್ನೆ ಡಿಗ್ರಿಯಲ್ಲಿ ಕೆಡುವುದಕ್ಕಿಂತ ಐದು ಡಿಗ್ರಿಯಲ್ಲಿ ಎರಡು ಪಟ್ಟಿಗೂ ಹೆಚ್ಚು ಬೇಗ ಕೆಡುತ್ತದೆ, ಹತ್ತು ಡಿಗ್ರಿಯಲ್ಲಿ ಸುಮಾರು ನಾಲ್ಕು ಪಟ್ಟು. ನಮ್ಮಂಥ ಸೆಕೆಯ ನಾಡಿನಲ್ಲಿ ಒಂದು ಪಾಲು ಮೀನಿಗೆ ಒಂದು ಪಾಲು ಐಸು ಹಾಕಬೇಕೆಂಬುದು ಮೀನು ವಿಜ್ಞಾನದವರ ಹಳೆಯ ಸಲಹೆ. ಐಸಿನ ಜಾಗದಲ್ಲಿ ಇನ್ನಷ್ಟು ಮೀನು ತುರುಕಿ, ಮೇಲೆ ತಾಡಪಾಲು ಎಳೆದು, ಬಿಸಿಲಿಗೆ ಕರಗುತ್ತಿರುವ ಮಾಲನ್ನು ವೇಗದಿಂದ ಉಳಿಸಿಕೊಳ್ಳುತ್ತೇವೆ ಎಂಬ ಹಟಕ್ಕೆ ಡೀಸೆಲ್ ಸುರಿಯುತ್ತಿದ್ದೇವೆ. ಶಾಖ ತಡೆಯುವ ಡಬ್ಬಿಯ ಬಾಡಿ ಇದ್ದರೆ ಐಸು ಉಳಿಯುತ್ತದೆ, ನೀರು ರಸ್ತೆಗೆ ಬೀಳುವುದಿಲ್ಲ, ತಾಡಪಾಲಿನ ಬಡಿತ ಇಲ್ಲ, ಅವಸರವೂ ಅಷ್ಟಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ ತಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಇಂಥ ಗಾಡಿಗಳಿಗೆ ಸಾಮಾನ್ಯ ವರ್ಗದವರಿಗೆ ನೂರಕ್ಕೆ 40, ಮಹಿಳೆಯರಿಗೂ ಪರಿಶಿಷ್ಟರಿಗೂ ನೂರಕ್ಕೆ 60ರಷ್ಟು ಸಹಾಯಧನವಿದೆ. ಎವರೇಜಿನ ಚಿಂತೆ ನಿಜವಾಗಿ ಇರುವವರು ಆ ಅರ್ಜಿಯ ಹಿಂದೆ ಓಡಾಡಬೇಕು. ಸಹಾಯಧನ ಪಡೆಯುವ ಓಡಾಟ ಸುಲಭವಲ್ಲ, ಒಪ್ಪಿದೆ. ಡ್ರೈವರನನ್ನು ಬೈಯುವುದು ಅದಕ್ಕಿಂತ ಸುಲಭ ಎಂಬ ಕಾರಣಕ್ಕೆ ಬೈಗುಳ ಸರಿಯಾಗುವುದಿಲ್ಲ.

ಸರ್ಕಾರದ ಕಡೆಗೂ ಒಂದು ಮಾತು. ಯಾಂತ್ರಿಕ ದೋಣಿಗಳಿಗೆ ನಮ್ಮ ರಾಜ್ಯದಲ್ಲಿ ಮಾರಾಟ ತೆರಿಗೆ ಬಿಟ್ಟ ಡೀಸೆಲ್ ಸಿಗುತ್ತದೆ, ಸಿಗಬೇಕಾದದ್ದೇ. ಆ ಮೀನು ಧಕ್ಕೆಯ ಮೇಲೆ ಇಳಿದ ಮರುಕ್ಷಣದಿಂದ ಅದರ ಪ್ರಯಾಣಕ್ಕೆ ಪೂರ್ತಿ ತೆರಿಗೆಯ ಡೀಸೆಲ್. ಪಿಕಪ್ಪಿನವರಿಗೆ ರಿಯಾಯಿತಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಅವರು ದುಡ್ಡು ಕೊಟ್ಟು ಓಡುವ ರಸ್ತೆಯನ್ನಾದರೂ ಮುಗಿಸಿ ಎಂದು ಕೇಳುತ್ತೇನೆ.

ಗೋವಾ ಗಡಿಯಿಂದ ಕುಂದಾಪುರದವರೆಗೆ ಹೆದ್ದಾರಿ 66ರ ಚತುಷ್ಪಥ ಕೆಲಸ ಶುರುವಾಗಿ ಹತ್ತು ವರ್ಷ ದಾಟಿದೆ. ಕುಮಟಾ ಮತ್ತು ಹೊನ್ನಾವರದ ನಡುವಿನ ಹೊಳೆಗದ್ದೆಯಲ್ಲಿ ಟೋಲ್ ತೆಗೆದುಕೊಳ್ಳುವುದೂ ಶುರುವಾಗಿ ವರ್ಷಗಳಾದವು. ಊರಿನೊಳಗಿನ ತುಣುಕುಗಳು, ಡೈವರ್ಷನ್ನುಗಳು, ಬ್ಯಾರಿಕೇಡುಗಳು, ಹಂಪುಗಳು ಮಾತ್ರ ಮುಗಿಯುತ್ತಿಲ್ಲ. ಇದಕ್ಕೂ ಎವರೇಜಿಗೂ ಏನು ಸಂಬಂಧ ಎನ್ನಬೇಡಿ. 3 ಟನ್ ತೂಕದ ಗಾಡಿ ಅರವತ್ತರ ವೇಗದಲ್ಲಿ ಬರುತ್ತಿದ್ದು, ಬ್ರೇಕ್ ಒತ್ತಿ ಇಪ್ಪತ್ತಕ್ಕೆ ಇಳಿದು, ಹಂಪ್ ದಾಟಿ ಮತ್ತೆ ಅರವತ್ತಕ್ಕೆ ಏರಬೇಕಾದರೆ ಸುಮಾರು 30 ಮಿಲಿಲೀಟರ್ ಡೀಸೆಲ್ ಬೇಕು. ಒಂದು ದೊಡ್ಡ ಚಮಚೆಗೆ ಎರಡರಷ್ಟು, ಕಣ್ಣಿಗೆ ಕಾಣದ ಪ್ರಮಾಣ. ಮೂವತ್ತು ಸಲ ಹೀಗಾದರೆ ಒಂದು ಲೀಟರಿಗೆ ಸಮೀಪ. ಭಟ್ಕಳ, ಶಿರಾಲಿ, ಮುರ್ಡೇಶ್ವರ ಕ್ರಾಸ್, ಮಂಕಿ, ಹೊನ್ನಾವರ, ಹಳದೀಪುರ, ಕುಮಟಾ ಎಂದು ಒಂದು ಸಲ ಹೋಗಿ ಬರುವುದರೊಳಗೆ ಮೂವತ್ತು ಸಲ ಬ್ರೇಕ್ ಒತ್ತುವುದು ಏನೂ ಹೆಚ್ಚಲ್ಲ. ಹಂಪ್ ಹಾಕಿದವರ ತಪ್ಪೆಂದೂ ನಾನು ಹೇಳಲಾರೆ. ರಸ್ತೆ ದಾಟುವ ಮಕ್ಕಳಿಗೆ ಮೇಲ್ಸೇತುವೆಯೋ ಕೆಳದಾರಿಯೋ ಮಾಡಿಕೊಟ್ಟಿದ್ದರೆ ಹಂಪ್ ಬೇಕಾಗುತ್ತಿರಲಿಲ್ಲ.

ಘಟ್ಟದ ದಾರಿಗಳದ್ದು ಬೇರೆಯೇ ಗೋಳು. ಕುಮಟಾ-ಶಿರಸಿ ರಸ್ತೆ ಅಗಲೀಕರಣಕ್ಕೆಂದು ಮುಚ್ಚಿದಾಗೆಲ್ಲ ಗಾಡಿಗಳು ಹೊನ್ನಾವರ, ಗೇರುಸೊಪ್ಪೆ, ಮಾಲೆಮನೆ ಘಟ್ಟದ ಮೇಲಿಂದಲೋ ಅಂಕೋಲೆಯ ಕಡೆಯಿಂದ ಯಲ್ಲಾಪುರದ ಮೇಲಿಂದಲೋ ಸುತ್ತಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆ ದಿನಗಳಲ್ಲಿ ಕಾರವಾರದ ಕಡೆ ಹೋಗಬೇಕಾದ ಗಾಡಿಗಳು ಘಟ್ಟ ಹತ್ತಿ ಇಳಿದು ಹೋದವು. ನೂರೈವತ್ತು ವರ್ಷದ ಹಿಂದೆ ಧಾರವಾಡ ಸೀಮೆಯ ಹತ್ತಿ ಇದೇ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿದ್ದಾಗ, ಬೊಂಬಾಯಿಯ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಿದ್ದಾಗ, ಸಾಗಣೆಯ ಖರ್ಚನ್ನು ರಸ್ತೆಯ ಖರ್ಚೆಂದೇ ಜನ ತಿಳಿದಿದ್ದರು. ಅದಕ್ಕೇ ಆಗಿನ ಸರ್ಕಾರಕ್ಕೆ ರಸ್ತೆ ಕೇಳುತ್ತಿದ್ದರು. ಈಗ ನಾವು ಡ್ರೈವರನಿಗೆ ಲೆಕ್ಕ ಕೇಳುತ್ತಿದ್ದೇವೆ.

ಈ ತಪ್ಪು ನಂಬಿಕೆ ಬರೀ ದುಡ್ಡಿನ ಅನ್ಯಾಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದು ಜೀವ ತೆಗೆಯುತ್ತದೆ. ಎವರೇಜ್ ಕಾಲಿನಲ್ಲಿದೆ ಎಂದು ದಿನಾ ಕೇಳಿಸಿಕೊಂಡ ಹುಡುಗ, ಬಾಟಾ ಉಳಿಸಿಕೊಳ್ಳಲು ತನ್ನ ಕೈಯಲ್ಲಿರುವ ಒಂದೇ ಉಪಾಯ ಮಾಡುತ್ತಾನೆ: ದೇವಿಮನೆಯಲ್ಲೋ ಮಾಲೆಮನೆಯಲ್ಲೋ ಇಳಿಯುವಾಗ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕುತ್ತಾನೆ. ಇಂಜಿನ್ ಸದ್ದು ಕಡಿಮೆಯಾಗುತ್ತದೆ, ಗಾಡಿ ತಾನಾಗಿ ಓಡುತ್ತದೆ, ಡೀಸೆಲ್ ಉಳಿಯಿತು ಎಂದು ಅನಿಸುತ್ತದೆ. ಆ ಅನಿಸಿಕೆಯೇ ಮೋಸ. ಕಾಮನ್ ರೇಲ್ ಡೀಸೆಲ್ ಇಂಜಿನ್ನಿನ ಗಾಡಿ ಗೇರಿನಲ್ಲಿದ್ದು, ಎಕ್ಸಿಲೇಟರಿನಿಂದ ಕಾಲು ತೆಗೆದು ಇಳಿಯುವಾಗ ಇಂಜೆಕ್ಟರುಗಳು ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಇಂಜಿನ್ನನ್ನು ತಿರುಗಿಸುವುದು ಚಕ್ರಗಳು. ಹಳೆಯ ಪಂಪಿನ ಗಾಡಿಯಲ್ಲೂ ಗವರ್ನರ್ ಹೀಗೆಯೇ ಡೀಸೆಲ್ ಕಡಿಯುತ್ತದೆ. ಗೇರ್ ತೆಗೆದರೆ ಇಂಜಿನ್ ಸತ್ತುಹೋಗದಂತೆ ಮತ್ತೆ ಡೀಸೆಲ್ ಬಿಡಲೇಬೇಕು. ಘಟ್ಟದಲ್ಲಿ ನ್ಯೂಟ್ರಲ್‌ನಲ್ಲಿ ಇಳಿಯುವುದೆಂದರೆ ಡೀಸೆಲ್ ಸುಡುತ್ತಾ ಇಳಿಯುವುದು, ಗೇರಿನಲ್ಲಿ ಇಳಿಯುವುದೆಂದರೆ ಸುಡದೆ ಇಳಿಯುವುದು. ಸಣ್ಣ ಇಳುಕಲಿನಲ್ಲಿ, ನೇರ ರಸ್ತೆಯಲ್ಲಿ, ಉರುಳಲು ಬಿಟ್ಟು ನಾಲ್ಕು ಹನಿ ಉಳಿಸಬಹುದೆಂಬ ಮಾತಿದೆ, ಅದು ನಿಜವೂ ಹೌದು. ಬ್ರೇಕ್ ಒತ್ತಲೇಬೇಕಾದ ಘಟ್ಟಕ್ಕೆ ಅದು ಅನ್ವಯಿಸುವುದಿಲ್ಲ.

ನ್ಯೂಟ್ರಲ್‌ನಲ್ಲಿ ಇಂಜಿನ್ನಿನ ಹಿಡಿತ ತಪ್ಪಿ ಅಷ್ಟೂ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಮೊದಲೇ ಹೆಚ್ಚಿಗೆ ಹೇರಿದ ಗಾಡಿ. ಲೈನರ್ ಕಾದು ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ, ಮುಂದಿನ ತಿರುವಿನಲ್ಲಿ ಹಿಡಿಯುವುದಿಲ್ಲ. ಅರ್ಧ ಗಂಟೆ ನ್ಯೂಟ್ರಲ್‌ನಲ್ಲಿ ಇಳಿದರೆ ಇಂಜಿನ್ ಸುಮ್ಮನೆ ತಿರುಗಲು ಸುಡುವುದು ಕಾಲು ಲೀಟರೋ ಅದಕ್ಕಿಂತ ತುಸು ಹೆಚ್ಚೋ. ಉಳಿಯಿತೆಂದು ಭ್ರಮೆಪಟ್ಟ ಇಪ್ಪತ್ತು, ಇಪ್ಪತ್ತೈದು ರೂಪಾಯಿಗೆ, ಅದೂ ಉಳಿಯದೆ ಖರ್ಚಾದ ದುಡ್ಡಿಗೆ, ಒಬ್ಬ ಮನುಷ್ಯ ತನ್ನ ಜೀವವನ್ನೂ ಎದುರಿನಿಂದ ಬರುವ ಬಸ್ಸಿನವರ ಜೀವವನ್ನೂ ಪಣಕ್ಕಿಡುತ್ತಾನೆ. ಅವನಿಗೆ ಇದನ್ನು ಕಲಿಸಿದವರು ಯಾರು? ‘ಇಳುಕಲಿನಲ್ಲಿ ನ್ಯೂಟ್ರಲ್ ಮಾಡೋಕೆ ಬರೂದಿಲ್ವಾ ನಿಂಗೆ’ ಎಂದು ಹತ್ತು ಜನರೆದುರು ಕೇಳಿದವರು.

2025ರ ಜನವರಿ 22, ಬುಧವಾರ, ಕುಮಟಾ ಸಂತೆಯ ದಿನ. ಸವಣೂರಿನಿಂದ ತರಕಾರಿ, ಹಣ್ಣು ಹೇರಿಕೊಂಡು ವ್ಯಾಪಾರಿಗಳನ್ನೂ ಕೂರಿಸಿಕೊಂಡು ಬರುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ನಸುಕಿನಲ್ಲಿ ಕಂದಕಕ್ಕೆ ಉರುಳಿ ಹತ್ತು ಜನ ಸತ್ತರು. ನಮ್ಮ ಊರಿನ ಸಂತೆಗೆ ತರಕಾರಿ ತರುತ್ತಿದ್ದ ಬಡವರು. ಮಾಲಿಗೊಂದು, ಜನರಿಗೊಂದು ಎಂದು ಎರಡು ಗಾಡಿ ಮಾಡಲು ಆಗದವರು ಮಾಲಿನ ಮೇಲೆಯೇ ಕೂತು ಬರುತ್ತಾರೆ. ಸಾಗಣೆಯ ದುಡ್ಡು ಉಳಿಸುವ ಹೊಣೆಯನ್ನು ಅತಿ ಕೆಳಗಿನವನ ಹೆಗಲಿಗೆ ಹಾಕಿದರೆ ಅವನು ಉಳಿಸುವುದು ತನ್ನ ಜೀವದ ಬಾಬ್ತಿನಲ್ಲೇ, ಅವನ ಹತ್ತಿರ ಬೇರೆ ಏನೂ ಇರುವುದಿಲ್ಲ.

ಗಾಡಿಯ ಆರೋಗ್ಯಕ್ಕೆ ಬರೋಣ, ಯಾಕೆಂದರೆ ಇಲ್ಲಿ ನಿಜವಾಗಿ ಡೀಸೆಲ್ ಉಳಿಯುತ್ತದೆ. ಬಂದರಿನ ಪಿಕಪ್ಪುಗಳು ಉಪ್ಪುನೀರಿನಲ್ಲೇ ಬದುಕುತ್ತವೆ. ಮೀನಿನ ನೀರು ಬಾಡಿಯ ಸಂದಿಯಿಂದ ಇಳಿದು ಹಿಂದಿನ ಬ್ರೇಕ್ ಡ್ರಮ್ಮಿನ ಮೇಲೆ, ಹ್ಯಾಂಡ್‌ಬ್ರೇಕ್ ಕೇಬಲ್ಲಿನ ಮೇಲೆ ಬೀಳುತ್ತದೆ. ತುಕ್ಕು ಹಿಡಿದು ಬ್ರೇಕ್ ಪೂರ್ತಿ ಬಿಡುವುದಿಲ್ಲ, ಸದಾ ಒಂಚೂರು ಹಿಡಿದೇ ಇರುತ್ತದೆ. ಓಡಿಸುವವನಿಗೆ ಅದು ಗೊತ್ತಾಗುವುದಿಲ್ಲ. ಗಾಡಿ ಎಳೆಯುತ್ತಿಲ್ಲ ಅನಿಸುತ್ತದೆ, ಇನ್ನಷ್ಟು ತುಳಿಯುತ್ತಾನೆ. ಇದನ್ನು ಕಂಡುಹಿಡಿಯಲು ಯಂತ್ರ ಬೇಡ. ಶರಾವತಿ ಸೇತುವೆ ದಾಟಿ ಬಂದು ನಿಂತ ಗಾಡಿಯ ನಾಲ್ಕೂ ಚಕ್ರದ ನಡುಭಾಗಕ್ಕೆ, ಮುಟ್ಟದೆ, ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ನಿಮ್ಮ ಡೀಸೆಲ್ ಅಲ್ಲಿ ಸುಟ್ಟಿದೆ. ಡ್ರಮ್ ಬಿಚ್ಚಿ ತಿಕ್ಕಿಸಿ, ಕೇಬಲ್ ಬದಲಿಸಿ, ಬೇರಿಂಗಿಗೆ ಗ್ರೀಸ್ ಕೊಡಿಸುವ ಖರ್ಚು ಧಣಿಯದ್ದು. ಆ ಖರ್ಚನ್ನು ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ದೂಡಿದವರೂ ಅವರೇ.

ಟೈರಿನದ್ದೂ ಹಾಗೆಯೇ. ಟೈರಿನ ಗಾಳಿ ನೂರಕ್ಕೆ 25ರಷ್ಟು ಇಳಿದರೆ ಇಂಧನ ನೂರಕ್ಕೆ 5ರಿಂದ 10ರಷ್ಟು ಹೆಚ್ಚು ಬೇಕಾಗುತ್ತದೆ ಎಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ವರ್ಷಗಳಿಂದ ಹೇಳುತ್ತ ಬಂದಿದೆ. ಡ್ರೈವರನ ಕಾಲಿನ ಮೇಲೆ ಹೊರಿಸುವುದರಲ್ಲಿ ಅಷ್ಟು ಪಾಲು ಟೈರಿನೊಳಗೇ ಇದೆ. ಲೋಡ್ ಇದ್ದಾಗ ಹಿಂದಿನ ಟೈರಿಗೆ ಎಷ್ಟು ಗಾಳಿ ಎಂದು ಬಾಗಿಲ ಕಂಬದ ಮೇಲೆ ಕಂಪನಿ ಅಂಟಿಸಿರುತ್ತದೆ. ತುಕ್ಕಿನಲ್ಲಿ ಅದು ಕಾಣದಂತಾಗಿದ್ದರೆ ಗಾಡಿಯ ಪುಸ್ತಕದಲ್ಲಿದೆ. ಒಂದು ಒಳ್ಳೆಯ ಗೇಜು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸವೆದ ರೀಸೋಲ್ ಟೈರು ಹಾಕಿಸಿ, ಗೇಜು ಕೊಡಿಸದೆ, ಪಂಪಿನಲ್ಲಿ ಗಾಳಿಯಂತ್ರ ಕೆಟ್ಟಿದ್ದಾಗ ಸುಮ್ಮನಿದ್ದು, ಎವರೇಜ್ ಕೇಳುವ ಹಕ್ಕು ಯಾರಿಗೂ ಇಲ್ಲ.

ಈ ಖರ್ಚುಗಳಿಗೆ ಕೈ ಬಿಗಿಹಿಡಿಯುವವರೇ ಪವಾಡದ ವಸ್ತುಗಳಿಗೆ ಮಾತ್ರ ದುಡ್ಡು ಬಿಚ್ಚುತ್ತಾರೆ. ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ, ಬಾಟಲಿಯ ದ್ರಾವಣ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದೆ, ಹೇಳಿಕೊಳ್ಳುವಂಥ ಉಳಿತಾಯ ಕೊಟ್ಟವು ಬೆರಳೆಣಿಕೆಯಷ್ಟೂ ಕಷ್ಟ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಮಾತು ಬೇಡ.

ಧಣಿಗಳೆಲ್ಲ ಶ್ರೀಮಂತರಲ್ಲ ಎಂಬುದು ನನಗೆ ಗೊತ್ತು. ಒಂದೇ ಪಿಕಪ್ ಇಟ್ಟು, ತಿಂಗಳ ಕಂತು ಕಟ್ಟುತ್ತಾ, ಎಷ್ಟೋ ಸಲ ತಾನೇ ಓಡಿಸುವವರು ಈ ಮೂರು ತಾಲೂಕುಗಳಲ್ಲಿ ತುಂಬಾ ಜನ. ಅವರಿಗೂ ನನ್ನ ವಾದ ಅನ್ವಯಿಸುತ್ತದೆ, ಇನ್ನೂ ಜೋರಾಗಿ. ಬಾಡಿಗೆಯನ್ನು ಟ್ರಿಪ್ಪಿನ ಲೆಕ್ಕಕ್ಕೆ ಒಪ್ಪಿಕೊಂಡ ಕ್ಷಣದಲ್ಲೇ ಅವರು ಸೋತಿರುತ್ತಾರೆ. ಟ್ರಿಪ್ಪಿಗೆ ಇಷ್ಟು ಎಂದಾದರೆ, ಎಷ್ಟು ಹೇರಿದರೂ ವ್ಯಾಪಾರಿಗೆ ಖರ್ಚು ಹೆಚ್ಚುವುದಿಲ್ಲ. ಎರಡು ಗಂಟೆ ಕಾಯಿಸಿದರೂ ಹೆಚ್ಚುವುದಿಲ್ಲ. ಬರುವಾಗ ಖಾಲಿ ಕ್ರೇಟು ಹೊತ್ತು ಖಾಲಿ ಗಾಡಿ ಬಂದರೂ ಹೆಚ್ಚುವುದಿಲ್ಲ. ಹೋಗುವಾಗಿನ ಮಾಲಿಗೆ ಬರುವಾಗಿನ ಡೀಸೆಲ್ಲನ್ನೂ ಸೇರಿಸಿ ನೋಡಿದರೆ ಪೇಟೆಗೆ ಮುಟ್ಟಿದ ಒಂದೊಂದು ಟನ್ನಿಗೂ ಎಣ್ಣೆ ಬಹಳಷ್ಟು ಹೆಚ್ಚಾಗಿರುತ್ತದೆ, ಯಾವ ನಯವಾದ ಕಾಲೂ ಅದನ್ನು ಸರಿದೂಗಿಸಲಾರದು. ಟನ್ನಿನ ಮೇಲೆ ದರ, ಒಂದು ಗಂಟೆ ಮೀರಿ ಕಾಯಿಸಿದರೆ ಕಾಯುವಿಕೆಗೆ ದರ, ಇವೆರಡನ್ನು ಪಿಕಪ್ಪಿನವರು ಒಟ್ಟಾಗಿ ಕೇಳಬೇಕು. ಒಬ್ಬರೇ ಕೇಳಿದರೆ ಪಕ್ಕದ ಗಾಡಿಗೆ ಬಾಡಿಗೆ ಹೋಗುತ್ತದೆ, ಅದಕ್ಕೇ ಒಟ್ಟಾಗಿ ಎಂದೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ಧಕ್ಕೆಗೆ ಕಟ್ಟಿರುತ್ತವೆ, ಬಂದರಿನ ಪಿಕಪ್ಪುಗಳಿಗೂ ಬಾಡಿಗೆ ಕಡಿಮೆ. ದೋಣಿಯವರು ಆ ಎರಡು ತಿಂಗಳಲ್ಲಿ ಬಲೆ ಹೊಲಿಯುತ್ತಾರೆ, ಇಂಜಿನ್ ಇಳಿಸಿ ಕೆಲಸ ಮಾಡಿಸುತ್ತಾರೆ. ಪಿಕಪ್ಪಿನವರೂ ಆ ಹೊತ್ತಿನಲ್ಲೇ ನಾಲ್ಕೂ ಚಕ್ರದ ಬ್ರೇಕ್ ಬಿಚ್ಚಿಸಲಿ, ಮೀಟರ್ ರಿಪೇರಿ ಮಾಡಿಸಲಿ, ಸಾಧ್ಯವಿದ್ದವರು ಡಬ್ಬಿ ಬಾಡಿಗೆ ಅರ್ಜಿ ಹಾಕಲಿ. ಬಂದರುಗಳಲ್ಲಿ ಒಂದೊಂದು ತೂಕದ ಸೇತುವೆ ಬೇಕೆಂದು ಮೀನುಗಾರಿಕೆ ಇಲಾಖೆಯನ್ನು ಕೇಳಲಿ. ಆಗಸ್ಟಿನ ಮೊದಲ ಟ್ರಿಪ್ಪಿಗೆ ಟ್ಯಾಂಕ್ ಬಾಯಿತನಕ ತುಂಬಿಸಿ, ತೂಕದ ಚೀಟಿಯನ್ನು ಟ್ರಿಪ್ ಪುಸ್ತಕಕ್ಕೆ ಅಂಟಿಸಿ, ಬಂದರಿನಲ್ಲಿ ಕಾದ ಹೊತ್ತನ್ನೂ ಅದರ ಪಕ್ಕದಲ್ಲಿ ಬರೆಯಲಿ. ಆ ಪುಟ ಎದುರಿಗಿಟ್ಟುಕೊಂಡು ಎವರೇಜ್ ಕೇಳಿದರೆ ಡ್ರೈವರ್ ಉತ್ತರ ಕೊಡುತ್ತಾನೆ. ಅಲ್ಲಿಯವರೆಗೆ ಅವನ ಬಾಟಾಕ್ಕೆ ಕೈ ಹಾಕಬೇಡಿ.